ಚಮನಬಿಗೆ ಹೂಂ ಅನ್ನುವವರು

“ಫೋನಿಗೆ ಬಾಯಿ ಅದನಬೇ?”

“ಬಾಯಿ ಇಲ್ಲ ಆಯಿ, ಆದ್ರ ಕಿವಿ ಅದ. ನೀವು ಹೇಳಿದ್ದೆಲ್ಲಾ ಅದರಾಗ ಕುಂದರ್ತದ.”

“ಕಿವಿ ಗ್ವಾಡಿಗೂ ಅದಾವ. ಗ್ವಾಡಿ ಮುಂದ ಕುಂತು ಕಥಿ ಹೇಳ್ಲೇನು? ಒಳಗ ಇಡು ಅದನ್ನ. ಹೂಂ ಅನ್ನೋರು ಇಲ್ಲಂದ್ರ ನಾ ಬಾಯಿ ತೆಗೆಯಾಂಗಿಲ್ಲ.”

ಸುವರ್ಣಾ ಫೋನನ್ನು ಚೀಲಕ್ಕೆ ಹಾಕಿದಳು. ಮಾದನಹಿಪ್ಪರಗಾದ ಆ ಪಡಸಾಲೆಯಲ್ಲಿ ಚಮನಬಿ ಕಾಲು ಚಾಚಿಕೊಂಡು, ತೊಡೆಯ ಮೇಲೆ ಅರ್ಧ ಹೊಲಿದ ಕೌದಿ ಹರಡಿಕೊಂಡು ಕೂತಿದ್ದಳು. ಎಪ್ಪತ್ತು ದಾಟಿದರೂ ಚಷ್ಮಾ ಇಲ್ಲದೆ ಸೂಜಿಗೆ ದಾರ ಪೋಣಿಸುತ್ತಾಳೆಂದು ಊರೆಲ್ಲ ಹೇಳುತ್ತದೆ. ಎಷ್ಟು ಸಲ ತಪ್ಪಿದ ಮೇಲೆ ಪೋಣಿಸುತ್ತಾಳೆಂಬುದನ್ನು ಮಾತ್ರ ಆಕೆ ಯಾರಿಗೂ ಹೇಳಿಲ್ಲ. ಆಕೆಯ ಪಕ್ಕದಲ್ಲಿ ಹಳೆಯ ಸೀರೆಯ ಅಂಚು ಹರಿಯುತ್ತ ಕೂತಿದ್ದವಳು ಪಕ್ಕದ ಮನೆಯ ತುಳಜಾಬಾಯಿ, ಸುವರ್ಣಾಳ ತಾಯಿಯ ತಾಯಿ.

ಚಮನಬಿಯ ಕಥೆಗೆ ಒಂದು ನೇಮವಿತ್ತು. ಆಕೆ ಒಂದು ಮಾತು ಹೇಳಿ ನಿಲ್ಲುತ್ತಾಳೆ. ಕೇಳುವವರು “ಹೂಂ” ಅನ್ನಬೇಕು. ಅಂದರೆ ಮಾತ್ರ ಮುಂದಿನ ಮಾತು. ಹೂಂ ಬರಲಿಲ್ಲವೆಂದರೆ ಕೇಳುವವರು ಮಲಗಿದ್ದಾರೆ, ಕಥೆಯನ್ನು ಅಲ್ಲಿಗೇ ಇಳಿಸಬೇಕು. ಮಲಗಿದವರ ಮುಂದೆ ಹೇಳಿದ ಕಥೆ ದಾರಿ ತಪ್ಪುತ್ತದೆ, ಮತ್ತೆ ಮನೆಗೆ ಬರುವುದಿಲ್ಲ. ಹಾಗೆಂದು ಜೇವರ್ಗಿ ಕಡೆಯ ಕೊಳಕೂರದಲ್ಲಿ ಆಕೆಯ ಅಜ್ಜಿ ಖಾಸೀಂಬಿ ಹೇಳಿಕೊಟ್ಟಿದ್ದಳು. ಕೊಳಕೂರದಿಂದ ಮದುವೆಯಾಗಿ ಬರುವಾಗ ಚಮನಬಿ ತಂದದ್ದು ಒಂದು ಟ್ರಂಕು ಮತ್ತು ಹತ್ತೊಂಬತ್ತು ಕಥೆ.

ಗಂಡ ಗೌಸಮೊಹಿದ್ದೀನ ಊರೂರು ತಿರುಗಿ ಅರಳೆ ಹಿಂಜಿ ಗಾದಿ ತುಂಬುತ್ತಿದ್ದ. ಮನೆಯಲ್ಲಿ ಆಕೆ ಕೌದಿ ಹೊಲಿಯುತ್ತಿದ್ದಳು. ಒಂದು ದಿನ ತುಳಜಾಬಾಯಿ ಹಳೆಯ ಸೀರೆ ಕೊಟ್ಟು ಹೋಗಲೆಂದು ಬಂದವಳು ಕಥೆ ಕೇಳಿ ಕೂತುಬಿಟ್ಟಳು. ನಲವತ್ತು ವರ್ಷ ಕೂತೇ ಇದ್ದಳು! ಒಬ್ಬಳು ಹೇಳುವುದು, ಇನ್ನೊಬ್ಬಳು ಹೂಂ ಅನ್ನುವುದು, ನಡುವೆ ಕೌದಿ ಬೆಳೆಯುವುದು.

ಎರಡು ವರ್ಷದಿಂದ ತುಳಜಾಬಾಯಿಗೆ ಕಿವಿ ಕೇಳಿಸುತ್ತಿರಲಿಲ್ಲ. ಆಕೆ ಹೂಂ ಅನ್ನುವುದನ್ನೇನೂ ಬಿಟ್ಟಿರಲಿಲ್ಲ, ಆದರೆ ಎಲ್ಲೆಂದರಲ್ಲಿ ಅನ್ನುತ್ತಿದ್ದಳು. ರಾಣಿ ಬಾವಿಯ ಕಟ್ಟೆಯ ಮೇಲೆ ಒಂದು ಕಾಲಿಟ್ಟಾಗ ಹೂಂ, ಇನ್ನೊಂದು ಕಾಲು ಎತ್ತುವಷ್ಟರಲ್ಲಿ ಮತ್ತೊಂದು ಹೂಂ.

“ರಾಣಿನ್ನ ಬಾವಿಗೆ ದಬ್ಬಾಕತ್ತಿಯೇನಬೇ?” ಎಂದು ಚಮನಬಿ ಒದರಿದರೆ, “ಹೂಂ” ಎಂದಳು ತುಳಜಾಬಾಯಿ. ಅವತ್ತಿನಿಂದ ಚಮನಬಿ ಕಥೆ ಹೇಳುವುದನ್ನು ಬಿಟ್ಟಿದ್ದಳು.

ಸುವರ್ಣಾ ಬಂದದ್ದು ಅದಕ್ಕೇ. ಅಫಜಲಪುರದ ಹುಡುಗಿ, ಇಂಗ್ಲಿಷ್ ಮೀಡಿಯಂ, ಈಗ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಸಾಹಿತ್ಯ ಓದುತ್ತಿದ್ದಳು. ಅಲ್ಲಿ ಮೂರು ದಿನ ಅಂತಾರಾಷ್ಟ್ರೀಯ ಸಾಹಿತ್ಯೋತ್ಸವ, ಹನ್ನೊಂದು ದೇಶದ ಲೇಖಕರು ಬಂದು ವಿದ್ಯಾರ್ಥಿಗಳೊಂದಿಗೆ ಮಾತಾಡುತ್ತಾರೆ. ಕೊನೆಯ ದಿನ ಇಪ್ಪತ್ತು ನಿಮಿಷ ಚಮನಬಿಗೆ ಕೊಡಿ ಎಂದು ಆಕೆ ಉತ್ಸವದ ಹೊಣೆ ಹೊತ್ತಿದ್ದ ಅಣ್ಣಾರಾಯ ಸರ್ ಬೆನ್ನು ಹತ್ತಿ ಒಪ್ಪಿಸಿದ್ದಳು.

“ಒಂದ ಸಲ ಬರ್ತೇನಿ,” ಎಂದಳು ಚಮನಬಿ. “ಅಲ್ಲಿ ಹೂಂ ಅನ್ನೋರು ಸಿಕ್ರ ಸರಿ. ಸಿಗಲಿಲ್ಲಂದ್ರ ಅಲ್ಲೇ ಗಂಟ ಹಾಕಿ ದಾರ ಹರೀತೇನಿ. ಆಮ್ಯಾಲ ನೀನೂ ಕೇಳಬ್ಯಾಡ, ನಾನೂ ಹೇಳಾಂಗಿಲ್ಲ.”

“ಮುನ್ನೂರು ಮಂದಿ ಇರ್ತಾರ ಆಯಿ! ಮುನ್ನೂರು ಹೂಂ!”

ಸುವರ್ಣಾ ಮೊದಲು ಮಾತು ಕೊಡುತ್ತಿದ್ದಳು, ಆಮೇಲೆ ಯೋಚಿಸುತ್ತಿದ್ದಳು.

ಉತ್ಸವದ ಮೂರು ದಿನ ಆಕೆಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕೊರಳಲ್ಲಿ ಸ್ವಯಂಸೇವಕಿಯ ಬ್ಯಾಡ್ಜು, ಕೈಯಲ್ಲಿ ಮೈಕು! ಪುಸ್ತಕದ ಹಿಂದಿನ ಪುಟದಲ್ಲಷ್ಟೇ ಫೋಟೋ ನೋಡಿದ್ದ ಮಂದಿ ಇಲ್ಲಿ ಕ್ಯಾಂಟೀನಿನ ಸಾಲಿನಲ್ಲಿ ನಿಂತು, ಚುರುಮುರಿ ಸುಸಲಾ ತಿಂದು, ಇನ್ನೊಂದು ಪ್ಲೇಟು ಕೇಳುತ್ತಿದ್ದರು. ಮೊದಲ ದಿನವೇ ಒಬ್ಬರು ಮಾತಾಡುತ್ತಿರುವಾಗ ಯಾರದೋ ಫೋನು ಮದುವೆ ಬ್ಯಾಂಡಿನ ಹಾಗೆ ಬಾರಿಸಿತು. ಅಣ್ಣಾರಾಯ ಸರ್ ಮುಖ ಕೆಂಪಾಯಿತು. ಅಲ್ಲಿಂದ ಪ್ರತಿ ಮಾತಿಗೂ ಮುಂಚೆ ಸುವರ್ಣಾ ಮೈಕಿನಲ್ಲಿ ಹೇಳಬೇಕಾಯಿತು: ಯಾರೂ ಸದ್ದು ಮಾಡಬಾರದು, ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದು ಕೊಡಬೇಕು. ಇಂಗ್ಲಿಷಿನಲ್ಲೊಮ್ಮೆ, ಕನ್ನಡದಲ್ಲೊಮ್ಮೆ, ಬಹಳ ಠೀವಿಯಿಂದ.

ಕೊನೆಯ ದಿನ ಮಧ್ಯಾಹ್ನ ಕೆನ್ಯಾದ ಲೇಖಕಿ ಅಟಿಯೆನೊ ತಮ್ಮ ಮೊದಲ ಕಾದಂಬರಿಯ ಬಗ್ಗೆ ಮಾತಾಡಿ ಮುಗಿಸಿ ಮುಂದಿನ ಸಾಲಿನಲ್ಲಿ ಕೂತರು. ಚಮನಬಿ ವೇದಿಕೆ ಹತ್ತಿದಳು. ಕುರ್ಚಿ ಬೇಡವೆಂದು ನೆಲದ ಮೇಲೆ ಕಾಲು ಚಾಚಿ, ಕೌದಿ ಬಿಚ್ಚಿ, ಸೂಜಿ ತೆಗೆದಳು. ಕೈ ಸುಮ್ಮನಿದ್ದರೆ ಆಕೆಗೆ ಬಾಯಿ ಬರುವುದಿಲ್ಲ. ಮೈಕನ್ನು ಕೆಳಗಿಳಿಸಿದರು. ಸುವರ್ಣಾ ರೂಢಿಯಂತೆ ಯಾರೂ ಸದ್ದು ಮಾಡಬಾರದೆಂದು ಹೇಳಿ ಗೋಡೆಯ ಹತ್ತಿರ ನಿಂತಳು.

“ಒಂದೂರಾಗ ಒಬ್ಬ ರಾಜ ಇದ್ದ. ಅವನ ನಿದ್ದಿ ಕಳದಿತ್ತು.”

ಸೂಜಿ ನಿಂತಿತು. ಚಮನಬಿ ತಲೆ ಎತ್ತಿ ನೋಡಿದಳು. ಮುನ್ನೂರು ಮಂದಿ ಕೈಕಟ್ಟಿ, ಭಕ್ತಿಯಿಂದ, ತುಟಿ ಬಿಗಿಹಿಡಿದು ಕೂತಿದ್ದರು.

“ಅವನ ನಿದ್ದಿ ಕಳದಿತ್ತು.”

ಫ್ಯಾನಿನ ಸದ್ದು ಬಿಟ್ಟರೆ ಏನೂ ಇಲ್ಲ. ಕೆಮ್ಮಲು ಹೋದ ಒಬ್ಬನ ಬಾಯನ್ನು ಪಕ್ಕದವನು ಮುಚ್ಚಿದ. ಚಮನಬಿ ದಾರಕ್ಕೆ ಗಂಟು ಹಾಕತೊಡಗಿದಳು.

“ಮರೆತಿರಬೇಕು ಪಾಪ,” ಎಂದು ಅಣ್ಣಾರಾಯ ಸರ್ ಪಿಸುಗುಟ್ಟಿದರು. “ಯಾರರೆ ನೀರು ಕೊಡ್ರಿ.”

ಸುವರ್ಣಾ ಗೋಡೆ ಬಿಟ್ಟು ಮುಂದೆ ಬಂದಳು. ಮರೆತಿಲ್ಲ! ಮುನ್ನೂರು ಮಂದಿಯ ಬಾಯಿಗೆ ಬೀಗ ಹಾಕಿದವಳು ತಾನೇ, ಈ ಬ್ಯಾಡ್ಜು ಹಾಕಿಕೊಂಡು! ಆ ಗಂಟು ಬಿದ್ದು ದಾರ ಹರಿದರೆ ಹತ್ತೊಂಬತ್ತು ಕಥೆಗಳೂ ಮುಗಿದವು.

“ಹೂಂ,” ಎಂದಳು. ಗಂಟಲಿನಿಂದ ಇಲಿಯ ಸದ್ದಿನಂಥದ್ದೇನೋ ಬಂತು.

“ಸುವರ್ಣಾ! ಸೈಲೆನ್ಸ್!”

“ಸೈಲೆನ್ಸ್ ಇದ್ರ ಕಥಿ ಮುಂದ ಹೋಗಾಂಗಿಲ್ರಿ ಸರ್!” ಈ ಸಲ ಸಭಾಂಗಣಕ್ಕೆಲ್ಲ ಕೇಳಿಸಿತು. “ಎಲ್ಲಾರೂ ಹೂಂ ಅನ್ರಿ! ನಾ ಹೇಳಿದ್ದು ತಪ್ಪು, ಬಾಯಿ ಮುಚ್ಚಬ್ಯಾಡ್ರಿ! ಹೂಂ!”

ಚಮನಬಿಯ ಕೈ ನಿಂತಿತು. “ಒಂದ ಹೂಂ ಬಂತು. ಮುನ್ನೂರು ಅಂದಿದ್ದಿ ನೀ.”

ಯಾರೋ ಕಿಸಕ್ಕನೆ ನಕ್ಕರು. ಕೊನೆಯ ಸಾಲಿನಿಂದ ಒಬ್ಬ ಎದ್ದು ನಿಂತು, ತನ್ನ ಅಜ್ಜಿಯನ್ನು ಕರೆಯುವ ಹಾಗೆ ಕೂಗಿದ. “ಹೂಂ ನಾನೀ! ನಿದ್ದಿ ಕಳಕೊಂಡು ಏನ್ ಮಾಡ್ದ ರಾಜ?”

“ಯಾವೂರಾವ ಲೇ ನೀ?”

“ಕೊಳಕೂರ. ನನ್ನ ಹೆಸರು ಮುಸ್ತಕೀಮ.”

“ನನ್ನ ತವರೂರಾವ! ಜೋರ ಅನ್ನು ಲೇ, ಊರ ಮಾನ ಹೋಗಬಾರದು.”

“ಹೂಂ!” ಎಂದ ಮುಸ್ತಕೀಮ. ಅವನ ಸಾಲಿಗೆ ಸಾಲೇ ಅಂದಿತು, ಆಮೇಲೆ ಅದರ ಮುಂದಿನದು, ಆಮೇಲೆ ಇಡೀ ಸಭಾಂಗಣ. ಚಮನಬಿ ಗಂಟು ಬಿಡಿಸಿದಳು.

ರಾಜ ಡಂಗುರ ಸಾರಿಸಿದ. ಹೂಂ. ಒಬ್ಬಳು ಅಗಸಗಿತ್ತಿ ಬಂದು, ನಿನ್ನ ನಿದ್ದಿ ಗಾಣಗಾಪುರದಾಗ ಭೀಮಾ ಹೊಳಿ ದಂಡಿಗೆ ಕಾಲು ತೊಳಕೊಳ್ಳಾಕತ್ತಿತ್ತು, ನಾನೇ ನೋಡೇನಿ ಅಂದಳು. ಹೂಂ! ರಾಜ ಮಾತಾಡುವುದೆಲ್ಲ ಉರ್ದು, ರಾಣಿ ಮಾತಾಡುವುದೆಲ್ಲ ಕನ್ನಡ. ಯಾಕೆಂದು ಯಾರೋ ಹುಡುಗಿ ಕೇಳಿದಳು.

“ರಾಜ ದಿನಕ್ಕ ಎರಡ ಮಾತು ಆಡ್ತಾನ, ‘ಖಾನಾ ಲಾವ್, ಪಾನಿ ಲಾವ್.’ ಅಷ್ಟಕ್ಕ ಎರಡೆರಡು ಭಾಷಾ ಯಾಕ ಬೇಕು ಅವಂಗ?”

ಹುಡುಗಿಯರ ಕಡೆಯಿಂದ ಎದ್ದ ನಗು ಇಳಿಯಲು ಹೊತ್ತು ಹಿಡಿಯಿತು. ಒಂದಕ್ಷರ ಕನ್ನಡ ಬಾರದ ಅಟಿಯೆನೊ ಕೂಡ ಸರಿಯಾದ ಜಾಗದಲ್ಲೇ ಹೂಂ ಅನ್ನುತ್ತಿದ್ದರು. ಅಣ್ಣಾರಾಯ ಸರ್ ಮೊದಲು ಗಂಟಲು ಸರಿಮಾಡಿಕೊಂಡ ಹಾಗೆ ಮಾಡಿದರು, ಆಮೇಲೆ ರಾಜಾರೋಷವಾಗಿ ಅಂದರು.

ರಾಜ ಹೊಳೆಗೆ ಇಳಿದ. ನೀರು ಮೊಣಕಾಲಿಗೆ ಬಂತು. ಆಚೆ ದಂಡೆಯ ಮೇಲೆ ಯಾರೋ ಬೆನ್ನು ತಿರುಗಿಸಿ ಕೂತಿದ್ದರು. ಅಷ್ಟರಲ್ಲಿ ಇಪ್ಪತ್ತು ನಿಮಿಷದ ಗಂಟೆ ಬಾರಿಸಿತು. ಚಮನಬಿ ಸೂಜಿಯನ್ನು ಬಟ್ಟೆಗೆ ಚುಚ್ಚಿ ನಿಲ್ಲಿಸಿದಳು.

“ಮುಂದ? ನಿದ್ದಿ ಸಿಕ್ತೇನ್ರಿ?” ಅಣ್ಣಾರಾಯ ಸರ್ ಕೇಳಿಯೇಬಿಟ್ಟರು.

“ಗಂಟಿ ಬಾರಿಸಿದವರು ನೀವೇ ಸಾಹೇಬ್ರ. ರಾಜ ಹೊಳ್ಯಾಗ ನಿಂತಾನ. ಉಳಿದದ್ದು ಬೇಕಂದ್ರ ನಮ್ಮೂರಿಗೆ ಬರ್ರಿ.”

ಹೊರಗೆ ಅಟಿಯೆನೊ ಬಂದು ಚಮನಬಿಯ ಕೈ ಹಿಡಿದುಕೊಂಡರು. ಭಾಷೆ ಗೊತ್ತಿಲ್ಲದೆ ಅಷ್ಟು ಸರಿಯಾಗಿ ಹೇಗೆ ಹೂಂ ಅಂದಿರಿ ಎಂದು ಸುವರ್ಣಾ ಇಂಗ್ಲಿಷಿನಲ್ಲಿ ಕೇಳಿದಳು. ಸೂಜಿ ನೋಡುತ್ತಿದ್ದೆ, ಎಂದರು ಅವರು. ಮಾತು ಮುಗಿದಾಗಲೆಲ್ಲ ಸೂಜಿ ನಿಲ್ಲುತ್ತದೆ.

ಸುವರ್ಣಾ ಅದನ್ನು ಕನ್ನಡದಲ್ಲಿ ಹೇಳಿದಳು. ಬಸ್ಸಿನಲ್ಲಿ ಮಾದನಹಿಪ್ಪರಗಾ ಬರುವತನಕ ಚಮನಬಿ ತನ್ನ ಬಲಗೈಯನ್ನೇ ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು.

ತುಳಜಾಬಾಯಿ ಬಾಗಿಲಲ್ಲೇ ಕೂತಿದ್ದಳು. “ಹೂಂ ಅಂದ್ರೇನಬೇ?”

“ಅಂದ್ರು! ಮುನ್ನೂರು ಮಂದಿ!” ಚಮನಬಿ ಆಕೆಯ ಕಿವಿಗೆ ಬಾಯಿಟ್ಟು ಕೂಗಿದಳು.

“ಮುನ್ನೂರು ಇರ್ಲಿ. ನನ್ನಂಗ ಅಂದಿರಾಕಿಲ್ಲ ಬಿಡು.”

ಚಮನಬಿ ಚಪ್ಪಲಿ ಬಿಟ್ಟವಳೇ ಆಕೆಯ ಎದುರು ಕೂತಳು, ಪಕ್ಕಕ್ಕಲ್ಲ. ಕೌದಿ ಬಿಚ್ಚಿದಳು. ಸೂಜಿಯ ಕಡೆ ಬೆರಳು ತೋರಿಸಿದಳು, ತುಳಜಾಬಾಯಿಯ ಕಣ್ಣಿನ ಕಡೆ ತೋರಿಸಿದಳು. ನಾಲ್ಕು ಹೊಲಿಗೆ ಹಾಕುತ್ತ ಹೇಳಿದಳು. “ಒಂದೂರಾಗ ಒಬ್ಬ ರಾಜ ಇದ್ದ.” ಸೂಜಿ ನಿಂತಿತು.

ತುಳಜಾಬಾಯಿ ಸೂಜಿ ನೋಡಿದಳು, ಗೆಳತಿಯ ಮುಖ ನೋಡಿದಳು.

“ಹೂಂ.”

“ಅವನ ನಿದ್ದಿ ಕಳದಿತ್ತು.”

“ಹೂಂ.” ಬರೋಬ್ಬರಿ ಜಾಗಕ್ಕೆ ಬಿತ್ತು. ಸುವರ್ಣಾ ಚಪ್ಪಾಳೆ ಹೊಡೆಯಬೇಕೆಂದವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

ಹೊರಡುವಾಗ ಫೋನು ಗುಂಯ್‌ಗುಟ್ಟಿತು. ಮುಸ್ತಕೀಮನ ಸಂದೇಶ. ಗುರುವಾರ ಆರು ಮಂದಿ ಬರುತ್ತಾರೆ, ಅಣ್ಣಾರಾಯ ಸರ್ ಏಳನೆಯವರು, ಆಳಂದದಿಂದ ಹತ್ತರ ಬಸ್ಸು.

“ಮುಂದಿನ ಗುರುವಾರ ಬರ್ತೇವಿ ಆಯಿ! ಏಳು ಮಂದಿ, ನಾನೊಬ್ಬಾಕಿ!”

“ಬರ್ರಿ. ಆದ್ರ ಎಲ್ಲಾರೂ ತುಳಜಿ ಹಿಂದ ಕುಂದರಬೇಕು, ಮೊದಲಿನ ಹೂಂ ಆಕಿದು,” ಎಂದಳು ಚಮನಬಿ, ಸೂಜಿ ನಿಲ್ಲಿಸದೆ. “ಮತ್ತ ತಡಾ ಮಾಡಬ್ಯಾಡ್ರಿ. ಎಂಟು ದಿನ ನೀರಾಗ ನಿಂತ್ರ ರಾಜಂಗ ನೆಗಡಿ ಆಗ್ತದ.”