ಜೂನ್ ಬಿಸಿಲಿನಲ್ಲಿ ಶಮಾಮ

ಕನೌಜಿನ ಇಶ್ತಿಯಾಕ್ ಮಿಯಾ ಮೂವತ್ತು ವರ್ಷ ಅತ್ತರಿನ ಭಟ್ಟಿಯ ಮುಂದೆ ಕೂತು ಹಂಡೆ ಕಾದವರು. ಯಾವ ಕಾಲಕ್ಕೆ ಯಾವ ಅತ್ತರು ಎಂದು ಕೇಳಲು ಜನ ಅವರ ಮನೆಗೇ ಬರುತ್ತಿದ್ದರು. ಬೇಸಿಗೆಗೆ, ಸಾವಿನ ಮನೆಗೆ, ಹಿರಿಯರ ಭೇಟಿಗೆ ತಂಪಾದ ಲಾವಂಚ. ಚಳಿಗಾಲಕ್ಕೆ, ಮದುವೆಯ ಔತಣಕ್ಕೆ ಬೇರು-ಮಸಾಲೆಗಳಿಂದ ಇಳಿಸಿದ, ಮೈ ಬಿಸಿಯೇರಿಸುವ ಖಾರವಾದ ಶಮಾಮ. ಇದರಲ್ಲಿ ತಪ್ಪಿದವರನ್ನು ಅವರು ಬೀದಿಯಲ್ಲೇ ನಿಲ್ಲಿಸಿ ತಿದ್ದುತ್ತಿದ್ದರು.

ಒಂದು ವರ್ಷ ಹೋಳಿಯ ಹೊತ್ತಿಗೆ ಜ್ವರ ಬಂತು. ಹೋಗುವಾಗ ವಾಸನೆ ಹಿಡಿಯುವ ಮೂಗಿನ ಶಕ್ತಿಯನ್ನೂ ಕಟ್ಟಿಕೊಂಡು ಹೋಯಿತು. ಮಿಯಾ ಹೆಂಡತಿ ಜಮೀಲಾಗೂ ಹೇಳಲಿಲ್ಲ. ಕಾಲು ಉಳುಕಿದ್ದನ್ನು ಪೈಲ್ವಾನ ಊರಿಗೆಲ್ಲ ಸಾರುತ್ತಾನೆಯೇ? ಯಾರಾದರೂ ಅತ್ತರು ತಂದರೆ ಕಣ್ಣು ಮುಚ್ಚಿ ಮೂಸಿ, ಇನ್ನೊಂದು ವರ್ಷ ಇಡಬೇಕಿತ್ತು ಎನ್ನುತ್ತಿದ್ದರು. ಕೇಳಿದವರೆಲ್ಲ ತಲೆದೂಗುತ್ತಿದ್ದರು. ಇಷ್ಟು ವರ್ಷವೂ ಮೂಗು ಬೇಕಾಗಿಯೇ ಇರಲಿಲ್ಲವೇನೋ ಎಂದು ಅವರಿಗೇ ಅನುಮಾನ ಹತ್ತಿತು.

ಜೂನಿನಲ್ಲಿ ಮಗಳು ಫರೀಹಾಳನ್ನು ನೋಡಲು ಫರೂಖಾಬಾದಿನ ಮೇಷ್ಟ್ರು ನಿಜಾಮುದ್ದೀನ್, ಮಗನನ್ನೂ ಮುದಿ ತಾಯಿಯನ್ನೂ ಕರೆದುಕೊಂಡು ಬಂದರು. ಕರೆಂಟು ಬೇರೆ ಹೋಗಿತ್ತು. ಮಿಯಾ ಕಪಾಟಿನ ಎರಡು ಒಂದೇ ತೆರನ ಬಾಟಲಿಗಳಲ್ಲಿ ಒಂದನ್ನು ಗಂಭೀರವಾಗಿ ಮೂಸಿ ಆರಿಸಿದರು. ತಾವೂ ಹಚ್ಚಿಕೊಂಡು, ಬಂದವರ ಮುಂಗೈಗೂ ಧಾರಾಳವಾಗಿ ಸವರಿದರು. ಮೇಷ್ಟ್ರು ಬೆವೆತರು. ಅಜ್ಜಿ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಅದನ್ನು ನಾಚಿಕೆಯೆಂದು ತಿಳಿದ ಮಿಯಾ, ಲಾವಂಚ ಹೇಗೆ ಪಿತ್ತ ಇಳಿಸುತ್ತದೆ ಎಂದು ವಿವರಿಸತೊಡಗಿದರು.

ಪರದೆಯ ಹಿಂದಿನಿಂದ ಜಮೀಲಾಳ ದನಿ ಬಂತು: "ರೀ, ಅದು ಶಮಾಮ ಕಣ್ರೀ. ನಿಮ್ಮ ಮೂಗಿಗೇನಾಗಿದೆ?"

ಇದು ಈಗಿನ ಹೊಸ ಪದ್ಧತಿ ಎಂಬ ಸುಳ್ಳು ಮಿಯಾರ ನಾಲಗೆಯ ತುದಿಗೆ ಬಂದಿತ್ತು. ಆದರೆ ಮಗಳ ಸಂಬಂಧವನ್ನು ಸುಳ್ಳಿನಿಂದ ಶುರುಮಾಡಲು ಮನಸ್ಸು ಒಪ್ಪಲಿಲ್ಲ.

"ಮೂಗು ಹೋಗಿ ಮೂರು ತಿಂಗಳಾಯ್ತು, ಮೇಷ್ಟ್ರೇ. ಊರಿಗೆಲ್ಲ ಟೋಪಿ ಹಾಕ್ಕೊಂಡು ಬಂದೆ. ಇವತ್ತು ನಿಮಗೂ ಹಾಕ್ತಿದ್ದೆ."

ಮೇಷ್ಟ್ರು ತಾಯಿಯ ಮುಖ ನೋಡಿದರು. ಅಜ್ಜಿ ಸೆರಗು ಸರಿಸಿದಳು. "ಮೂಗಿಲ್ಲದ ಮಾವ ಸಿಕ್ಕಿದ್ದು ಒಳ್ಳೇದೇ ಆಯ್ತು. ನಮ್ಮ ಹುಡುಗ ಬೀಡಿ ಸೇದ್ತಾನೆ."

ಹುಡುಗ ಕೆಂಪಾದ. ಒಳಗಿನಿಂದ ಫರೀಹಾ ನಕ್ಕದ್ದು ಎಲ್ಲರಿಗೂ ಕೇಳಿಸಿತು. ಕೈ ತೊಳೆಯಲು ಎಲ್ಲರೂ ಅಂಗಳದ ಕೈಪಂಪಿನ ಬಳಿ ಸಾಲುಗಟ್ಟಿದರು; ಅಲ್ಲಿಯೇ ಮಾತು ಮುಗಿದು ಸಂಬಂಧ ಕುದುರಿತು.

ಅಂದಿನಿಂದ ಮೂಸುವ ಕೆಲಸ ಜಮೀಲಾಳದು, ತೀರ್ಪು ಹೇಳುವ ಕೆಲಸ ಮಾತ್ರ ಮಿಯಾರದು. ಶ್ರಾವಣದ ಮಳೆಯಲ್ಲಿ ವಾಸನೆ ಮರಳಿತು. ಮೊದಲು ಬಂದದ್ದು ಗುಲಾಬಿಯದಲ್ಲ, ಮನೆಮುಂದಿನ ಚರಂಡಿಯದು. ಅದರ ಪಕ್ಕದಲ್ಲೇ ಕಣ್ಣು ಮುಚ್ಚಿ ಹತ್ತು ನಿಮಿಷ ಆಸೆಯಿಂದ ಉಸಿರೆಳೆದೆ ಎಂದು ಅವರೇ ಹೇಳಿಕೊಳ್ಳುತ್ತಾರೆ.