ಎಡಕ್ಕೆಳೆಯುವ ಟ್ರ್ಯಾಕ್ಟರ್

ಮುನಿಲಕ್ಷ್ಮಮ್ಮ ಎಂಥ ಗಿರಾಕಿ ಎಂದು ತೂಗಬೇಕಾದರೆ ಅವರ ಸೀರೆ ನೋಡಿ ಪ್ರಯೋಜನವಿಲ್ಲ. ಉಡುವುದು ಮಾಸಲು ವಾಯಿಲ್, ಮೆಟ್ಟುವುದು ಹವಾಯಿ ಚಪ್ಪಲಿ, ಕೈಯಲ್ಲಿ ಯಾವುದೋ ಬಟ್ಟೆ ಅಂಗಡಿಯ ಹಳೆಯ ಚೀಲ. ಮೈಮೇಲೆ ಬೆಲೆ ಬಾಳುವುದೆಂದರೆ ಏಳು ಕಲ್ಲಿನ ಓಲೆ ಮಾತ್ರ. ಅದನ್ನೂ ಸೆರಗು ಅರ್ಧ ಮುಚ್ಚಿರುತ್ತದೆ. ಹೊಸ ಅಂಗಡಿಯವನಾದರೆ ಮೊಬೈಲ್ ಕವರಿನ ಗಿರಾಕಿ ಎಂದು ಬಗೆದು ಕೂತಲ್ಲಿಂದಲೇ ಸಾಗಹಾಕಿಯಾನು. ಪಳಗಿದವನು ನೋಡುವುದು ಕೈಯನ್ನು. ಬೆಲೆ ಕೇಳುವ ಮೊದಲು ಅವರು ಸಾಮಾನನ್ನು ಎತ್ತಿಕೊಳ್ಳುತ್ತಾರೆ, ತಿರುವುತ್ತಾರೆ, ಹೆಬ್ಬೆರಳಿನಿಂದ ಒತ್ತುತ್ತಾರೆ, ಒಮ್ಮೊಮ್ಮೆ ಮೂಸಿಯೂ ನೋಡುತ್ತಾರೆ. ಅದು ಬದನೆಕಾಯಿ ಕೊಂಡವರ ಕೈಯಲ್ಲ, ಬೆಳೆದು ಮಾರಿದವರ ಕೈ. ಅಂಥವರಿಗೆ ಏರಿಸಿ ಬೆಲೆ ಹೇಳಿದರೆ ಚೌಕಾಸಿಗೆ ಇಳಿಯುವುದಿಲ್ಲ. ಸಾಮಾನನ್ನು ಎತ್ತಿದ ಕಡೆಯೇ ಇಟ್ಟು ಹೊರಟುಹೋಗುತ್ತಾರೆ.

ಕತ್ರಿಗುಪ್ಪೆಯಲ್ಲಿ ಕಂಪ್ಯೂಟರ್ ಬಿಡಿಭಾಗಗಳ ಅಂಗಡಿ ಇಟ್ಟಿದ್ದ ತಿರುಮಲೇಶನಿಗೆ ಇದೆಲ್ಲ ಗೊತ್ತಿತ್ತು. ಗೊತ್ತಿರಲೇಬೇಕಿತ್ತು, ಅಂಗಡಿಯಿದ್ದ ಕಟ್ಟಡ ಅವರದು. ಕತ್ರಿಗುಪ್ಪೆ ಇನ್ನೂ ಹಳ್ಳಿಯಾಗಿದ್ದಾಗ ಅಲ್ಲಿ ಗಂಡ ಗಂಗಾಧರಯ್ಯನವರ ಹೊಲವಿತ್ತು. ಆಮೇಲೆ ಹೊಲ ಸೈಟಾಯಿತು, ಸೈಟು ಕಟ್ಟಡವಾಯಿತು. ದಂಟಿನ ಸೊಪ್ಪು ಕುಯ್ಯುತ್ತಿದ್ದ ಜಾಗದಲ್ಲಿ ತಿರುಮಲೇಶ ಕೀಬೋರ್ಡು, ಮೌಸು ಮಾರುತ್ತಿದ್ದ. ಮೇಲಿನ ಮಹಡಿಯಲ್ಲಿ ಗಂಡ ಹೆಂಡತಿ ಇದ್ದರು. ಕಟ್ಟಡದ ಪತ್ರ ಹೆಂಡತಿಯ ಹೆಸರಿನಲ್ಲಿತ್ತು, ಗತ್ತು ಗಂಡನ ಮುಖದ ಮೇಲಿತ್ತು. ಬಾಡಿಗೆದಾರ ಎರಡಕ್ಕೂ ಕೈಮುಗಿಯಬೇಕಿತ್ತು.

ಆ ವರ್ಷ ಕೈಮುಗಿಯುವ ಅಗತ್ಯ ಇನ್ನೂ ಹೆಚ್ಚಾಗಿತ್ತು. ಅಂಗಡಿಯ ಕರಾರು ಡಿಸೆಂಬರಿಗೆ ಮುಗಿಯುತ್ತಿತ್ತು. ಗಂಗಾಧರಯ್ಯನವರ ಮಗ ದೀಪಕ್ ಒಂದು ಕೇಕ್ ಕಂಪನಿಯವರನ್ನು ಕರೆತಂದು, ತಿರುಮಲೇಶ ಗಿರಾಕಿಗಳ ಜೊತೆ ಮಾತಾಡುತ್ತಿರುವಾಗಲೇ ಗೋಡೆಗೆ ಟೇಪು ಹಿಡಿಸಿ ಅಳತೆ ತೆಗೆಸಿದ್ದ. ಓವನ್ ಎಲ್ಲಿ ಬರುತ್ತದೆ ಎಂಬುದನ್ನೂ ತಿರುಮಲೇಶನ ಎದುರಿಗೇ ತೀರ್ಮಾನ ಮಾಡಿದ್ದರು. ಅದು ಸರಿಯಾಗಿ ಅವನ ಕುರ್ಚಿಯಿದ್ದ ಜಾಗ. ಗಿರಾಕಿಗಳೆಲ್ಲ ಅಕ್ಕಪಕ್ಕದ ಕಾಲೇಜಿನವರು. ಅಂಗಡಿ ಎರಡು ಬೀದಿ ಆಚೆ ಹೋದರೂ ಹುಡುಕಿಕೊಂಡು ಬರುವ ಜನವಲ್ಲ. ಸಹಿ ಹಾಕಬೇಕಾದವರು ಮಾತ್ರ ಮುನಿಲಕ್ಷ್ಮಮ್ಮ. ಅವರು ಇನ್ನೂ ಬಾಯಿ ಬಿಟ್ಟಿರಲಿಲ್ಲ.

ಆ ಬೇಸಿಗೆಯಲ್ಲಿ ಅವರೊಮ್ಮೆ ಅಂಗಡಿಗೆ ಇಳಿದು ಬಂದಿದ್ದರು. ಟೀವಿ ಮುಂದೆ ಆಟದ ಡಬ್ಬ ಇಟ್ಟುಕೊಂಡು ಹುಡುಗರು ಎರಡೂ ಕೈಯಲ್ಲಿ ಹಿಡಿದು ಒತ್ತುತ್ತಾರಲ್ಲ, ಆ ಸಾಮಾನನ್ನು ಕಂಪ್ಯೂಟರಿಗೆ ಹಾಕಬಹುದೋ ಎಂದು ಕೇಳಿದರು. ಧಾರಾಳವಾಗಿ ಹಾಕಬಹುದು ಎಂದ ತಿರುಮಲೇಶ, ಕನ್ಸೋಲಿನ ಒಳ್ಳೆಯ ಗೇಮ್‌ಪ್ಯಾಡ್ ಒಂದನ್ನು ತೆಗೆದು, ವೈರು ಚುಚ್ಚಿ, ತನ್ನದೇ ಕಂಪ್ಯೂಟರಿನಲ್ಲಿ ತೋರಿಸಿದ. ಬೇಸಿಗೆ ರಜೆಗೆ ಬಂದಿರುವ ಮೊಮ್ಮಗ ಸುಮೇಧನಿಗೆ ಇರಬೇಕೆಂದು ಅವನ ಅಂದಾಜು. ಕರಾರಿನ ಯೋಚನೆ ಬೇರೆ ತಲೆಯಲ್ಲಿತ್ತು. ಇದರಂಥ ಪೀಸು ಇಡೀ ಬೆಂಗಳೂರಲ್ಲಿ ಸಿಗಲ್ಲ ಎಂದು ಒಂದಕ್ಕೆರಡು ಸಲ ಹೇಳಿದ. ಅವರು ಅದನ್ನು ಎರಡೂ ಅಂಗೈಯಲ್ಲಿ ತುಂಬಿಕೊಂಡು, ದಿಕ್ಕು ತಿರುಗಿಸುವ ಎಡಗಡೆಯ ಕಡ್ಡಿಯ ಮೇಲೆ ಹೆಬ್ಬೆರಳಿಟ್ಟು, ಬಹಳ ಹೊತ್ತು ನಿಂತಿದ್ದು, ಆಮೇಲೆ ದುಡ್ಡು ಕೊಟ್ಟು ಒಯ್ದಿದ್ದರು. ಮುದುಕಿಗೆ ವಿಚಿತ್ರವಾಗಿ ಕಂಡಿರಬೇಕು ಎಂದುಕೊಂಡು ತಿರುಮಲೇಶ ಒಳಗೊಳಗೇ ನಕ್ಕಿದ್ದ.

ಆಯುಧ ಪೂಜೆಯ ಮರುವಾರ ಅವರು ಮತ್ತೆ ಇಳಿದು ಬಂದರು. ಅಂಗಡಿ ತುಂಬ ಹುಡುಗರು. ಎಲ್ಲರೆದುರಿಗೇ ಅವರೆಂದರು, "ನೀ ಕೊಟ್ಟಿದ್ದು ಎಡಕ್ಕೆ ಎಳೀತೈತೆ ಕಣಪ್ಪ."

"ತಗೊಂಡ್ಬನ್ನಿ ಅಮ್ಮ, ಹೊಸದೇ ಕೊಡ್ತೀನಿ."

"ತರಕಾಗಲ್ಲ. ದೇವ್ರ ಮನೇಲೈತೆ."

ತಿರುಮಲೇಶ ಈ ವ್ಯಾಪಾರದಲ್ಲಿ ಬಗೆಬಗೆಯ ದೂರು ಕೇಳಿದವನು. ಕೀಬೋರ್ಡಿಗೆ ಕಾಫಿ ಬಿದ್ದದ್ದು, ವೈರನ್ನು ಇಲಿ ಕಡಿದದ್ದು, ಮೌಸನ್ನು ಸೊಸೆ ಎಸೆದದ್ದು, ಎಲ್ಲ ಆಗಿತ್ತು. ದೇವರ ಮನೆ ಸೇರಿಕೊಂಡ ಗೇಮ್‌ಪ್ಯಾಡ್ ಇದೇ ಮೊದಲು. ಒಂದು ಹುಡುಗ, ಅಂಕಲ್ ದೇವರೂ ಗೇಮ್ ಆಡ್ತಾರಾ ಎಂದು ಕೇಳಿದ, ಉಳಿದವರು ನಕ್ಕರು. ತಿರುಮಲೇಶನಿಗೆ ನಗು ಬರಲಿಲ್ಲ. ಆಟದ ಸಾಮಾನೊಂದರಿಂದ ಅಂಗಡಿ ಹೋಗುತ್ತದಲ್ಲ ಎಂದುಕೊಂಡ. ಸ್ಕ್ರೂಡ್ರೈವರಿನ ಪೆಟ್ಟಿಗೆ ಹಿಡಿದು ಅವರ ಹಿಂದೆಯೇ ಮೆಟ್ಟಿಲು ಹತ್ತಿದ.

ನಿಜವಾಗಿಯೂ ಅದು ದೇವರ ಮನೆಯಲ್ಲೇ ಇತ್ತು. ಕುಡುಗೋಲು, ತಕ್ಕಡಿ, ಹಳೆಯ ಗುದ್ದಲಿಗಳ ಸಾಲಿನಲ್ಲಿ, ಬಾಡಿದ ಚೆಂಡು ಹೂವಿನ ಮಾಲೆ ಹೊತ್ತು, ಮೈಯೆಲ್ಲ ಅರಿಶಿನ ಕುಂಕುಮ ಬಳಿದುಕೊಂಡು ಕೂತಿತ್ತು. ಗಂಗಾಧರಯ್ಯ ಕೈತೊಳೆದು ಬಂದು, ಅದನ್ನು ಎತ್ತಿ ತಾವೇ ತಂದುಕೊಟ್ಟರು. ಹೆಂಡತಿಯ ಕೈಗೆ ಸಿಗದ ಹಾಗೆ ಬಳಸಿಕೊಂಡು ಬಂದದ್ದನ್ನು ತಿರುಮಲೇಶ ಗಮನಿಸಿದ.

ನಡುಮನೆಯಲ್ಲಿ ಮೊಮ್ಮಗ ಬಿಟ್ಟುಹೋದ ಕಂಪ್ಯೂಟರ್ ಇತ್ತು. ವೈರು ಚುಚ್ಚಿ, ಪರೀಕ್ಷೆ ಮಾಡುವ ಪರದೆ ತೆರೆದರೆ, ಯಾರೂ ಮುಟ್ಟದಿದ್ದರೂ ನಡುವೆ ನಿಲ್ಲಬೇಕಾದ ಚುಕ್ಕೆ ಎಡಕ್ಕೆ ವಾಲಿಕೊಂಡಿತ್ತು. ದೂರು ಸುಳ್ಳಲ್ಲ. ಆಡುವವನ ಕೈಯಲ್ಲಿ ಹೇಗೆ ಓಡುತ್ತದೆ ನೋಡಬೇಕು, ಸುಮೇಧನನ್ನು ಕರೆಯಿರಿ ಎಂದ.

"ಅವ್ನು ಇಲ್ಲೆಲ್ಲವ್ನೆ? ರಜ ಮುಗೀತು, ಗಿರಿನಗರಕ್ಕೆ ಹೋದ," ಎಂದರು ಮುನಿಲಕ್ಷ್ಮಮ್ಮ.

"ಹಾಗಾದ್ರೆ ಆಡೋರು?"

ಗಂಗಾಧರಯ್ಯ ಗದ್ದ ಎತ್ತಿ ಹೆಂಡತಿಯ ಕಡೆ ತೋರಿಸಿದರು.

ತಿರುಮಲೇಶ ದಂಗಾಗಿ ಅವರನ್ನೇ ನೋಡಿದ. ಮುನಿಲಕ್ಷ್ಮಮ್ಮ ಆಟ ತೆರೆದರು, ಯಾರನ್ನೂ ಕೇಳದೆ, ಅಕ್ಕಿ ಡಬ್ಬ ತೆರೆದಷ್ಟು ಸಲೀಸಾಗಿ. ಪರದೆಯ ತುಂಬ ಹೊಲ; ನಡುವೆ ಕೆಂಪು ಟ್ರ್ಯಾಕ್ಟರು, ಅದರ ಹಿಂದೆ ನೇಗಿಲು. ಅರ್ಧ ಹೊಲ ಉತ್ತಾಗಿತ್ತು. ಹಳೆಯ ಸಾಲುಗಳೆಲ್ಲ ದಾರ ಹಿಡಿದು ಎಳೆದ ಹಾಗೆ ನೇರವಾಗಿದ್ದವು. ಹಬ್ಬದಿಂದ ಈಚಿನ ಕೊನೆಯ ಎರಡು ಸಾಲು ಮಾತ್ರ ಎಡಕ್ಕೆ ಬಾಗಿ, ಬದು ದಾಟಿ, ಪಕ್ಕದ ಹೊಲಕ್ಕೆ ನುಗ್ಗಿದ್ದವು. ಮೊಮ್ಮಗ ಆಡುವುದನ್ನು ನೋಡುತ್ತಾ ಕಲಿತರಂತೆ. ಕೀಬೋರ್ಡು ಬೆರಳಿಗೆ ಒಗ್ಗಲಿಲ್ಲವಂತೆ, ಇದನ್ನು ಹಿಡಿದ ಮೇಲೆ ಒಗ್ಗಿತಂತೆ. ಬೇಸಿಗೆಯಿಂದ ದಿನಾ ಅಡುಗೆ ಮುಗಿಸಿ ಉಳುತ್ತಿದ್ದರಂತೆ. ಗಂಡ ಹಿಂದೆ ಕೂತು, ತಿರುವು ಸಾಲದು, ಅಲ್ಲಿ ಒಣಗೈತೆ, ಇನ್ನೊಂದು ಸುತ್ತು ಹೊಡಿ ಎಂದು ಹೇಳಿಕೊಡುತ್ತಿದ್ದರಂತೆ.

ಹಾಗಾದರೆ ಈಗೇನು ತಕರಾರು ಎಂದು ತಿರುಮಲೇಶ ಕೇಳಿದ.

"ಆಟದ ಸಾಮಾನಾಗಿದ್ದಾಗ ನಾನೇನಾದ್ರೂ ಅಂದ್ನಾ?" ಎಂದರು ಗಂಗಾಧರಯ್ಯ. "ಈಗ ಪೂಜೆ ಆಗೈತೆ. ಪೂಜೆ ಆದ್ಮೇಲೆ ಅದು ನೇಗಿಲು. ಹೆಂಗಸು ನೇಗಿಲ ಮೇಣಿ ಹಿಡೀಬಾರ್ದು. ನಮ್ಮಪ್ಪನ ಕಾಲದಿಂದ್ಲೂ ಇಲ್ಲ. ಹಿಡಿದ್ಲು, ಎಳೀತೈತೆ."

ವಾದದಲ್ಲಿ ಎಲ್ಲಿ ಸಂದಿದೆ ಎಂದು ತಿರುಮಲೇಶ ಹುಡುಕಿದ, ಸಿಗಲಿಲ್ಲ. ಹಬ್ಬದ ದಿನ ಆಟದ ಸಾಮಾನನ್ನು ಆಯುಧದ ಸಾಲಿಗೆ ಬಡ್ತಿ ಕೊಟ್ಟವರೂ ಅವರೇ, ಆಯುಧವೆಂಬ ಕಾರಣಕ್ಕೆ ಹೆಂಡತಿಯ ಕೈಯಿಂದ ಕಿತ್ತುಕೊಂಡವರೂ ಅವರೇ.

ಮುನಿಲಕ್ಷ್ಮಮ್ಮ ಗಂಡನನ್ನು ಬಿಟ್ಟು ತಿರುಮಲೇಶನಿಗೆ ಹೇಳಿದರು, "ಕಳೆ ಕಿತ್ತೆ, ಪೈರು ನಾಟಿದೆ, ಕುಯ್ದೆ, ತಲೆ ಮೇಲೆ ಹೊತ್ತು ಮಾರ್ಕೆಟ್ಟಿಗೆ ಒಯ್ದೆ. ಒಂದ್ವರ್ಷ ಇವ್ರಿಗೆ ಜ್ವರ. ಮಳೆ ಬಂದು ಮಣ್ಣು ಹದವಾಗಿತ್ತು. ಹೆಗಲಿಗೆ ನೊಗ ಹಾಕ್ಕೊಂಡು ಎತ್ತು ನಿಂತವೆ. ನಾನೂ ಪಕ್ಕದಲ್ಲೇ ನಿಂತಿದೀನಿ. ಉಳೋಕೆ ಪಕ್ಕದ ಹೊಲದ ಶಾಮಣ್ಣ ಬರೋವಷ್ಟೊತ್ಗೆ ಮಧ್ಯಾಹ್ನ ಆಯ್ತು. ಅಲ್ಲಿಗಂಟ ಬಿಸಿಲಲ್ಲಿ ಮಣ್ಣು ಒಣಗೋದ್ನ ನೋಡ್ಕೊಂಡು ನಿಂತಿದ್ದೆ. ಮುಟ್ಟಲಿಲ್ಲ."

ಅಂಗಡಿ, ಕರಾರು, ಕೇಕಿನವರ ಟೇಪು, ಎಲ್ಲ ಒಂದು ಗಳಿಗೆ ತಿರುಮಲೇಶನ ತಲೆಯಿಂದ ಜಾರಿಹೋಯಿತು. ಜಾರಿದ್ದು ಒಂದೇ ಗಳಿಗೆ; ವ್ಯಾಪಾರಿಯ ತಲೆ ಬೇಗ ಜಾಗಕ್ಕೆ ಬರುತ್ತದೆ. ಯಜಮಾನರ ನಂಬಿಕೆ ಸುಳ್ಳೆಂದರೆ ಯಜಮಾನರು ಮಗನ ಕಡೆ ವಾಲುತ್ತಾರೆ. ನಿಜವೆಂದರೆ ಯಜಮಾನಿಯ ಸಹಿ ಕೈತಪ್ಪುತ್ತದೆ. ಇಬ್ಬರಿಗೂ ನೋಯದ ಮೂರನೆಯ ದಾರಿ ಅವನಿಗೆ ಆಗಲೇ ಹೊಳೆಯಿತು.

"ಯಾರದ್ದೂ ತಪ್ಪಿಲ್ಲ ಯಜಮಾನ್ರೇ. ಪೀಸೇ ಸರಿ ಇಲ್ಲ. ಬೇರೆ ಕೊಡ್ತೀನಿ."

"ಕೊಡು," ಎಂದರು ಗಂಗಾಧರಯ್ಯ. "ಅದನ್ನೂ ಪೂಜೆಗಿಡ್ತೀನಿ."

ಎಂದರೆ ಹೊಸದನ್ನೂ ಹೆಂಡತಿ ಮುಟ್ಟುವ ಹಾಗಿಲ್ಲ. ಮೂರನೆಯ ದಾರಿ ಅಲ್ಲಿಗೆ ಮುಚ್ಚಿತು. ಮುನಿಲಕ್ಷ್ಮಮ್ಮ ತಿರುಮಲೇಶನ ಮುಖವನ್ನೇ ನೋಡುತ್ತಿದ್ದರು, ತರಕಾರಿ ನೋಡುವ ಹಾಗೆ.

"ಬಿಚ್ಚಿ ನೋಡ್ದೆ ಹೆಂಗೆ ಹೇಳ್ದೆ?" ಎಂದರು. "ಇದ್ರಂಥ ಪೀಸು ಬೆಂಗಳೂರಲ್ಲೇ ಇಲ್ಲ ಅಂದಿದ್ದೆ. ಅವತ್ತು ಸುಳ್ಳಾ, ಇವತ್ತು ಸುಳ್ಳಾ? ಬಿಚ್ಚು."

ಸಿಕ್ಕಿಬಿದ್ದವನಿಗೆ ಬಿಚ್ಚುವುದು ಬಿಟ್ಟು ಬೇರೆ ಗತಿಯಿರಲಿಲ್ಲ. ನೆಲದ ಮೇಲೆ ಬಿಳಿ ಹಾಳೆ ಹಾಸಿ, ಸಣ್ಣ ಸ್ಕ್ರೂಗಳನ್ನು ಒಂದೊಂದಾಗಿ ತೆಗೆದು, ಮುಚ್ಚಳ ಎತ್ತಿದ. ಬಲಗಡೆಯ ಕಡ್ಡಿಯ ಬುಡ ಶುಚಿಯಾಗಿತ್ತು. ಎಡಗಡೆಯದರ ಬುಡ ಕೆಂಪಗಿತ್ತು. ನೀರಲ್ಲಿ ಕಲಸಿದ ಕುಂಕುಮ ಕಡ್ಡಿಯ ಗುಂಟ ಒಳಗಿಳಿದು, ಒಣಗಿ, ಗಟ್ಟಿಯಾಗಿ, ಕಡ್ಡಿ ನಡುವಿಗೆ ವಾಪಸು ಬರದ ಹಾಗೆ ಹಿಡಿದಿಟ್ಟಿತ್ತು. ಇಂಥ ರಿಪೇರಿಗಳಲ್ಲಿ ಧೂಳು, ಬಿಸ್ಕತ್ತಿನ ಪುಡಿ, ಒಮ್ಮೆ ಇರುವೆ ಕೂಡ ಕಂಡಿದ್ದ ತಿರುಮಲೇಶ, ಇದನ್ನು ಕಂಡು ಸ್ಕ್ರೂಡ್ರೈವರ್ ಹಿಡಿದ ಕೈಯನ್ನು ಹಾಗೇ ಗಾಳಿಯಲ್ಲಿ ನಿಲ್ಲಿಸಿದ.

ಅವನ ಬೆನ್ನು ಗಂಡ ಹೆಂಡತಿಗೆ ಅಡ್ಡವಾಗಿತ್ತು. ಇನ್ನೂ ಯಾರೂ ನೋಡಿರಲಿಲ್ಲ. ಹೆಬ್ಬೆರಳು ಅಡ್ಡ ಹಿಡಿದು ಕುಂಚದಲ್ಲಿ ಒರೆಸಿಬಿಟ್ಟರೆ ಧೂಳೆಂದು ಹೇಳಿ ಪಾರಾಗಬಹುದಿತ್ತು. ಧೂಳೆಂದರೆ ಯಜಮಾನರ ಮಾನ ಉಳಿಯುತ್ತದೆ. ಆದರೆ ಹೆಂಗಸು ಮೇಣಿ ಹಿಡಿಯಬಾರದೆಂಬ ಮಾತೂ ಹಾಗೆಯೇ ಉಳಿಯುತ್ತದೆ. ತಿರುಮಲೇಶ ಒಂದು ಉಸಿರು ಎಳೆದುಕೊಂಡು ಪಕ್ಕಕ್ಕೆ ಸರಿದು, ಇಬ್ಬರಿಗೂ ಕಾಣುವ ಹಾಗೆ ಕುಂಚದಿಂದ ಕೆರೆದ. ಬಿಳಿ ಹಾಳೆಯ ಮೇಲೆ ಕೆಂಪು ಪುಡಿ ಉದುರಿತು.

ಗಂಗಾಧರಯ್ಯ ಮೆಲ್ಲನೆ ಬಗ್ಗಿ, ಬೆರಳ ತುದಿಗೆ ಪುಡಿ ಅಂಟಿಸಿಕೊಂಡು, ಕಣ್ಣಿನ ಹತ್ತಿರ ಹಿಡಿದು ನೋಡಿದರು.

"ನಾನೇ ಇಟ್ಟಿದ್ದು," ಎಂದರು. "ಎಡಗಡೆಯದೇ ದಾರಿ ತೋರ್ಸೋದಲ್ವಾ ಅಂತ ಅದಕ್ಕೆ ಒಂದೀಟು ಜಾಸ್ತಿ ಇಟ್ಟೆ."

ತಿರುಮಲೇಶ ಬೈಗುಳಕ್ಕೆ ಕಾದ. ಮುನಿಲಕ್ಷ್ಮಮ್ಮ ಗಂಡನನ್ನು ಕುಟುಕಬಹುದೆಂದೂ ಕಾದ. ಅದು ಯಾವುದೂ ಆಗಲಿಲ್ಲ. ಅವರು ಗಂಡನ ಬೆರಳಿನ ಕುಂಕುಮವನ್ನು ಸೆರಗಿನಿಂದ ಒರೆಸಿ, ಭಕ್ತಿ ಹೆಚ್ಚಾದರೆ ಹೀಗೇ ಆಗುತ್ತದೆ ಬಿಡಿ ಎಂದು ಒಳಗೆ ಹೋಗಿ ಮೂರು ಲೋಟ ಕಾಫಿ ತಂದರು. ಅಷ್ಟರಲ್ಲಿ ಸ್ಪಿರಿಟ್ಟಿನಲ್ಲಿ ಒರೆಸಿ, ಒಣಗಿಸಿ, ಮುಚ್ಚಳ ಬಿಗಿದದ್ದಾಯಿತು. ಪರದೆಯ ಮೇಲಿನ ಚುಕ್ಕೆ ನಡುವೆ ಬಂದು ನಿಂತಿತು.

ತಿರುಮಲೇಶ ಗೇಮ್‌ಪ್ಯಾಡನ್ನು ಯಾರ ಕೈಗೆ ಕೊಡಬೇಕೆಂದು ತಿಳಿಯದೆ ಅಂಗೈಯಲ್ಲಿ ಹಿಡಿದು ಕೂತ. ಅದನ್ನು ತೆಗೆದುಕೊಂಡವರು ಗಂಗಾಧರಯ್ಯ. ಒಂದು ಸಲ ದೇವರ ಮನೆಯ ಕಡೆ ನೋಡಿದರು. ಆಮೇಲೆ ಎರಡೂ ಕೈಯಲ್ಲಿ ಹೆಂಡತಿಯ ಮುಂದೆ ಚಾಚಿದರು.

"ಹಿಡ್ಕೊ. ಆ ಎರಡು ಸೊಟ್ಟ ಸಾಲು ಮೊದ್ಲು ಸರಿಮಾಡು. ನೋಡಾಕಾಗ್ತಿಲ್ಲ."

ಈ ವಯಸ್ಸಿನಲ್ಲಿ, ಪೂಜೆಯಾದ ಮೇಣಿಯನ್ನು ತಾನೇ ಹೆಂಡತಿಯ ಕೈಗಿಡುವ ಗಂಡಸನ್ನು ತಿರುಮಲೇಶ ಕಂಡಿರಲಿಲ್ಲ. ಮುನಿಲಕ್ಷ್ಮಮ್ಮ ಕಾಲು ಮಡಚಿ ಕೂತು, ಹೆಬ್ಬೆರಳನ್ನು ಕಡ್ಡಿಯ ಮೇಲಿಟ್ಟರು. ಟ್ರ್ಯಾಕ್ಟರು ಹೊರಟಿತು. ಬದುವಿನ ಹತ್ತಿರ ತಿರುಗಿಸುವಾಗ, ಎತ್ತಿಗೆ ಹೇಳುವ ಹಾಗೆ ನಾಲಗೆ ಲೊಚಗುಟ್ಟಿಸಿದರು.

ಕರಾರಿನ ಮಾತು ಬಂದದ್ದು ದೀಪಾವಳಿ ಕಳೆದ ಮೇಲೆ. ದೀಪಕ್ ಕೇಕಿನವರ ಕಾಗದ ತಂದು ತಾಯಿಯ ಮುಂದಿಟ್ಟ. ಸ್ಪೀಕರಿನ ವೈರು ಸರಿಮಾಡಲು ತಿರುಮಲೇಶ ಅಲ್ಲೇ ಇದ್ದ; ಎದ್ದು ಹೋಗಲಾರದೆ, ಕೂರಲಾರದೆ ಮೇಜಿನ ಕೆಳಗೆ ತಲೆ ತೂರಿಸಿಕೊಂಡಿದ್ದ. ಸಹಿ ಹಾಕಮ್ಮ, ಅವರು ಕಾಯ್ತಾ ಇದಾರೆ ಎಂದ ದೀಪಕ್.

"ನೇಗಿಲು ಕೆತ್ತೋ ಆಚಾರೀನ ಊರಿಂದ ಕಳ್ಸಿ ಕೇಕು ತಿನ್ಕೊಂಡು ಉಳೋಕಾಯ್ತದಾ?" ಎಂದರು ಮುನಿಲಕ್ಷ್ಮಮ್ಮ, ಪರದೆಯಿಂದ ಕಣ್ಣು ತೆಗೆಯದೆ. "ಅವ್ನು ಕೆಳಗೇ ಇರ್ಲಿ."

ದೀಪಕ್ ಬೆಪ್ಪಾಗಿ ತಂದೆಯ ಮುಖ ನೋಡಿದ. ಗಂಗಾಧರಯ್ಯ ಹೌದೆಂಬಂತೆ ತಲೆಯಾಡಿಸಿ, ಬಲಕ್ಕೆ ಒಂಚೂರು, ಬಲಕ್ಕೆ ಎಂದು ಹೆಂಡತಿಗೆ ಹೇಳಿದರು. ಮೇಜಿನ ಕೆಳಗೆ ತಿರುಮಲೇಶ ಎದ್ದೇಳಲು ಹೋಗಿ ತಲೆ ಬಡಿಸಿಕೊಂಡ.

ಕತ್ರಿಗುಪ್ಪೆ ಹಳ್ಳಿಯಾಗಿದ್ದಾಗ ವರ್ಷವಿಡೀ ನೇಗಿಲು ರಿಪೇರಿ ಮಾಡಿಕೊಟ್ಟ ಆಚಾರಿ ಸುಗ್ಗಿಯಲ್ಲಿ ಕಣಕ್ಕೆ ಬಂದು, ಶಾಲು ಹಾಸಿ, ತನ್ನ ಪಾಲಿನ ಕಾಳು ಅಳೆಸಿಕೊಂಡು ಹೋಗುತ್ತಿದ್ದನಂತೆ. ಪರದೆಯ ಮೇಲೆ ಬೆಳೆದ ಗೋಧಿಯನ್ನು ಅಳೆದುಕೊಡುವ ಹಾಗಿಲ್ಲದ್ದರಿಂದ, ಸಂಕ್ರಾಂತಿಗೆ ಮುನಿಲಕ್ಷ್ಮಮ್ಮ ದಿನಸಿ ಅಂಗಡಿಯಿಂದ ರಾಗಿ ಕೊಂಡು, ಮೊರದಲ್ಲಿ ತುಂಬಿ, ತಾವೇ ಕೆಳಗೆ ತಂದುಕೊಟ್ಟರು. ಕಾಲೇಜಿನ ಹುಡುಗರ ನಡುವೆ ನಿಂತು ತಿರುಮಲೇಶ ಅದನ್ನು ಶಾಲಿನ ಬದಲು ಮೌಸ್‌ಪ್ಯಾಡ್ ಹಾಸಿದ ಕೌಂಟರಿನ ಮೇಲೆ ಬರಮಾಡಿಕೊಂಡ.

ಅಂಗಡಿ ಇವತ್ತೂ ಅದೇ ಜಾಗದಲ್ಲಿದೆ. ಆ ಜಾಗಕ್ಕೆ ತಿರುಮಲೇಶ ಮುನಿಲಕ್ಷ್ಮಮ್ಮನವರಿಗೆ ಋಣಿ. ಅವರು ಉಳುವಷ್ಟು ಕಾಲ ಅವರ ಗೇಮ್‌ಪ್ಯಾಡನ್ನು ನೇರವಾಗಿ ಓಡುವ ಹಾಗೆ ಇಟ್ಟುಕೊಡುವುದು ಅವನ ಮೇಲಿರುವ ಬಾಕಿ.