ಪೈಪಿನ ಆ ತುದಿ

ನಿಜಾಮರ ಆಳ್ವಿಕೆ ಮುಗಿದ ಮರುವರ್ಷದ ಮಾಗಿಯಲ್ಲಿ, ಲಿಂಗಸುಗೂರಿನ ತವರುಮನೆಯಲ್ಲಿ, ನನಗೆ ದಿನ ತುಂಬುವ ಮೊದಲೇ ಹೆಣ್ಣು ಕೂಸು ಹುಟ್ಟಿತು. ನಾವು ಮಲಗುವ ಹೊರಸಿನ ಕೆಳಗಿಟ್ಟ ಕೆಂಡದ ಹೊಗೆಗೆ ಅದರ ಉಸಿರು ಕಟ್ಟುತ್ತಿತ್ತು. ಕೆಂಡ ಬೇಡ, ಆದರೆ ಕೂಸು ಬೆಚ್ಚಗಿರಲೇಬೇಕು ಎಂದರು ಡಾಕ್ಟರು. ಬೆಚ್ಚಗಿಡುವುದು ಹೇಗೆಂದು ಮಾತ್ರ ಹೇಳಲಿಲ್ಲ.

ನನ್ನ ಗಂಡ ಹಟ್ಟಿಯ ಚಿನ್ನದ ಗಣಿಯಲ್ಲಿ ಪೈಪು ಜೋಡಿಸುವ ಫಿಟ್ಟರ್. ನನ್ನನ್ನೂ ಕೂಸನ್ನೂ ಒಂದು ದಿನದ ಮಟ್ಟಿಗೆ ಅಡುಗೆಮನೆಗೆ ಸಾಗಿಸಿ, ಬಚ್ಚಲ ಹಂಡೆಗೆ ಮೇಲೊಂದು ಕೆಳಗೊಂದು ತೂತು ಕೊರೆದು, ಬಾಣಂತಿ ಕೋಣೆಯ ಗೋಡೆಗುಂಟ ಪೈಪು ಸುತ್ತಿಸಿದರು. ಬಿಸಿನೀರು ಮೇಲಿನಿಂದ ಹೊರಟು, ಕೋಣೆ ಸುತ್ತಿ, ತಣಿದು ಕೆಳಗಿನಿಂದ ಹಂಡೆಗೆ ಮರಳಬೇಕು. ನನಗೆ ಹೆಮ್ಮೆಯೋ ಹೆಮ್ಮೆ.

ಆದರೆ ಬಾಗಿಲ ಕಡೆಯ ಪೈಪು ಸುಡುತ್ತಿತ್ತು, ತೊಟ್ಟಿಲಿದ್ದ ಒಳಮೂಲೆಯದು ತಣ್ಣಗಿತ್ತು. ತೊಟ್ಟಿಲನ್ನು ಈಚೆ ತರೋಣವೆಂದರೆ, ಬಾಗಿಲಲ್ಲಿ ಗಾಳಿ ಸೋಕುತ್ತದೆಂದು ಅವ್ವ ಬಿಡಲಿಲ್ಲ. ಅವ್ವನ ಹಟವೆಂದರೆ ಹಟ.

ನನ್ನ ಗಂಡ ವಾರದ ರಜೆಯಲ್ಲಿ ಸಂಜೆ ಬರುತ್ತಿದ್ದರು. ಗಂಡಸರು ಮತ್ತೆ ಕೋಣೆಗೆ ಕಾಲಿಡುವಂತಿರಲಿಲ್ಲ. ಕಿಟಕಿಯಾಚೆ ನಿಂತು ಕೇಳುತ್ತಿದ್ದರು:

“ಆ ತುದಿ ಬೆಚ್ಚಗಾತೇನು?”

“ಇಲ್ರೀ, ತಣ್ಣಗೈತಿ.”

ಉರಿ ಹೆಚ್ಚಿಸಿದರು, ಹಂಡೆಯನ್ನು ಇಟ್ಟಿಗೆಯ ಮೇಲೇರಿಸಿದರು. ಏನೂ ಆಗಲಿಲ್ಲ. ಒಂದು ಸಂಜೆ ನಾನೇ ಮಾತಿಗೆ ಹೇಳಿದೆ, ಮುಂಜಾನೆ ಅವ್ವ ಹಂಡೆ ಬರಿದಾಗುವ ತನಕ ನನಗೆ ನೀರು ಹಾಕುತ್ತಾಳೆಂದು. ಬಾಣಂತಿ ಸ್ನಾನದ ಹೊತ್ತಿಗೆ ಗಂಡಸರು ಬಚ್ಚಲ ಕಡೆ ಸುಳಿಯುವುದಿಲ್ಲ. ಅವರು ನೋಡಿದ್ದೆಲ್ಲ ಸಂಜೆಯ ತುಂಬಿದ ಹಂಡೆ.

“ಅಯ್ಯ, ಹಂಡೆ ಬರಿದಾದಾಗ ಪೈಪಿನ್ಯಾಗ ಗಾಳಿ ಹೊಕ್ಕೈತಿ, ಅದಕ್ಕ ನೀರು ಮುಂದ ಹೋಗವಲ್ದು!” ಎಂದು ಕಿಟಕಿಯಿಂದ ನಟ್ಟು ತಿರುಗಿಸುವ ಪಾನಾ ಕೊಟ್ಟರು. ಮೂಲೆಯ ನಟ್ಟು ಸಡಿಲಿಸಿದೆ. ಗಾಳಿ ಬುಸುಗುಟ್ಟಿ ಹೋಗಿ ನೀರು ಚಿಮ್ಮಿದೊಡನೆ ಮತ್ತೆ ಬಿಗಿದೆ. ಸ್ವಲ್ಪ ಹೊತ್ತಿಗೆ ಆ ತುದಿಯೂ ಬೆಚ್ಚಗಾಯಿತು. ಕೂಸು ಮುಷ್ಟಿ ಬಿಚ್ಚಿ ಮಲಗಿತು.

“ಇನ್ನ ಮ್ಯಾಲಿನ ತೂತಿಗಿಂತ ನೀರು ಕೆಳಗ ಇಳೀಬಾರದು. ಅವ್ವಗ ಹೇಳು” ಎಂದರು. ಅಳಿಯ ಅತ್ತೆಯೊಡನೆ ನೇರ ಮಾತಾಡುವ ಪದ್ಧತಿ ನಮ್ಮಲ್ಲಿರಲಿಲ್ಲ. ಪಾನಾ ಕಂಪನಿಯದು, ಹಿಂದಕ್ಕೆ ಒಯ್ದರು.

ನಾನು ಹೇಳಿದೆ. “ಬಾಣಂತಿಗಿ ಕಾಸಿದ ನೀರು ಉಳಸಬಾರದು. ಐದು ಹಡದಾಕಿ ನಾನು, ನನಗ ಕಲಿಸ್ತಾನೇನು?” ಎಂದು ಅವ್ವ ಮುಂಜಾನೆ ಹಂಡೆ ಬರಿದು ಮಾಡಿದಳು. ಮೂಲೆ ಮತ್ತೆ ತಣ್ಣಗಾಯಿತು. ಗಾಳಿ ಬಿಡಲು ಪಾನಾ ಇರಲಿಲ್ಲ, ಅವರು ಬರುವುದು ಮುಂದಿನ ರಜೆಗೆ. ಕೂಸನ್ನು ಎದೆಗವಚಿಕೊಂಡೇ ಕೂತೆ. ಆ ವಾರದ ಚಳಿಯನ್ನು ಅದು ತಡೆಯಲಿಲ್ಲ. ಹೆಸರೂ ಇಟ್ಟಿರಲಿಲ್ಲ.

ಮಣ್ಣು ಮಾಡಿ ಬಂದ ಸಂಜೆ ಅವ್ವ ಹಂಡೆಯನ್ನು ತುಳುಕುವಂತೆ ತುಂಬಿ, ಒಲೆ ಹೊತ್ತಿಸಿದಳು. ಆಮೇಲೆ ಒಳಗೆ ಬಂದು, “ಅವಗ ಪಾನಾ ಕೊಡಂತ ಹೇಳು” ಎಂದಳು. ನನಗೆ ಅವಳ ಮೇಲೆ ಕಿರುಚಬೇಕೆನಿಸಿತು. ಆದರೂ ಕಿಟಕಿಗೆ ಹೋಗಿ ಅವರಿಂದ ಪಾನಾ ತೆಗೆದುಕೊಂಡೆ. ನಟ್ಟು ಸಡಿಲಿಸಿ, ನೀರು ಬಂದ ಮೇಲೆ ಬಿಗಿದೆ.

ಬಹಳ ಹೊತ್ತಾದ ಮೇಲೆ ಕಿಟಕಿಯಾಚೆಯಿಂದ ಅವರು ಕೇಳಿದರು:

“ಆ ತುದಿ ಬೆಚ್ಚಗಾತೇನು?”

ನಾನು ಕೈಯಿಟ್ಟು ನೋಡಲಿಲ್ಲ. ಖಾಲಿ ತೊಟ್ಟಿಲ ಪಕ್ಕ ಅವ್ವ ಪೈಪಿನ ಮೇಲೆ ಅಂಗೈ ಊರಿ ಕೂತಿದ್ದಳು. ಸುಡುತ್ತಿದ್ದರೂ ತೆಗೆಯಲಿಲ್ಲ.

“ಆಗೈತಪ್ಪಾ” ಎಂದು ಅವಳೇ ಅಳಿಯನಿಗೆ ಹೇಳಿದಳು.